ಸೋರಿದರೆ ಮೊದಲು ಯಾರಿಗೆ ಗೊತ್ತಾಗುತ್ತದೆ?

ಎಲ್ಲರಿಗೂ ನಮಸ್ಕಾರ.

ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ ಕೆಡವಬೇಕೋ ಉಳಿಸಬೇಕೋ ಅನ್ನುವ ಜಗಳವನ್ನು ಮೈಸೂರಿನವರಿಗೆ ನಾನು ವಿವರಿಸಬೇಕಿಲ್ಲ. ಹಳೇ ಕಟ್ಟಡ ಶಿಥಿಲವಾಗಿದೆ, ಕೆಡವಿ ಹೊಸದು ಕಟ್ಟಿ ಅನ್ನುವವರು ಒಂದು ಕಡೆ; ಅದು ನಮ್ಮ ಪರಂಪರೆ, ರಿಪೇರಿ ಮಾಡಿ ಉಳಿಸಿ ಅನ್ನುವವರು ಇನ್ನೊಂದು ಕಡೆ. ಎರಡೂ ವಾದ ನಿಮಗೆ ಬಾಯಿಪಾಠ. ನಾನು ಉಳಿಸಬೇಕು ಅನ್ನುವವರ ಕಡೆ. ಆದರೆ ಉಳಿಸಿ ಆದ ಮೇಲೆ ಒಳಗೆ ಯಾರಿರುತ್ತಾರೆ? ಇವತ್ತು ಅದನ್ನು ಮಾತಾಡೋಣ.

ಹಳೇ ಕಟ್ಟಡ ಬರೀ ವಯಸ್ಸಾಗಿ ಬೀಳುವುದು ಕಡಿಮೆ. ನೀರಿಳಿದು ಬೀಳುವುದೇ ಜಾಸ್ತಿ. ನಮ್ಮ ಮದ್ರಾಸ್ ತಾರಸಿಯನ್ನೇ ನೋಡಿ. ಮರದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಜೋಡಿಸಿರುತ್ತಾರೆ. ನೋಡಿಕೊಂಡರೆ ನೂರು ವರ್ಷ ಬಾಳುತ್ತದೆ. ಮಳೆನೀರಿನ ಕೊಳವೆಗೆ ಎಲೆ ಕಟ್ಟಿಕೊಂಡರೆ ಮಾತ್ರ ಕಥೆ ಶುರು. ನೀರು ನಿಲ್ಲುತ್ತದೆ, ಬಿರುಕಿನಲ್ಲಿ ಅರಳಿ ಗಿಡ ಹುಟ್ಟುತ್ತದೆ, ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಆಮೇಲೆ ಯಾರೋ ಬಂದು ಸಿಮೆಂಟ್ ಮೆತ್ತುತ್ತಾರೆ. ಗಾರೆ ಗೋಡೆ ಹೀರಿದ ನೀರನ್ನು ತಾನೇ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚುತ್ತದೆ.

ಅದಕ್ಕೇ ನಾನು ಕೇಳುವುದು, ಸೋರಿದರೆ ಮೊದಲು ಯಾರಿಗೆ ಗೊತ್ತಾಗುತ್ತದೆ? ಬೀಗ ಹಾಕಿದ ಕಟ್ಟಡದಲ್ಲಿ ಯಾರಿಗೂ ಇಲ್ಲ.

ಬೆಂಗಳೂರಿನ ಅಠಾರಾ ಕಚೇರಿ ವಿಷಯ ಹೇಳಲೇಬೇಕು. ನಾನು ಎಲ್ಲೇ ಹೋದರೂ ಹೇಳುತ್ತೇನೆ, ಕೇಳಿದ್ದವರು ಇನ್ನೊಮ್ಮೆ ಕೇಳಿ! 1868ರಲ್ಲಿ ಮುಗಿದ ಕಟ್ಟಡ. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲೇ ಇದ್ದವು. 1956ರಲ್ಲಿ ಎದುರಿಗೆ ವಿಧಾನಸೌಧ ಎದ್ದಿತು, ಕಚೇರಿಗಳು ರಸ್ತೆ ದಾಟಿ ಹೋದವು. ಈ ಕೆಂಪು ಕಟ್ಟಡ ಹಾಳು ಬೀಳಲಿಲ್ಲ, ಯಾಕೆಂದರೆ ಅಲ್ಲಿ ಹೈಕೋರ್ಟ್ ಇತ್ತು. 1980ರ ದಶಕದ ಆರಂಭದಲ್ಲಿ ಇದನ್ನು ಕೆಡವುವ ಮಾತು ಬಂತು. ಜನ ಎದ್ದರು. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ವಿಚಾರಣೆ ಎಲ್ಲಿ? ಅದೇ ಕಟ್ಟಡದಲ್ಲಿ! ಊಹಿಸಿಕೊಳ್ಳಿ, ತಲೆಯ ಮೇಲಿನ ಸೂರು ಇರಬೇಕೋ ಬೇಡವೋ ಅಂತ ಅದೇ ಸೂರಿನ ಕೆಳಗೆ ವಾದ. ಕೊನೆಗೆ ಕಟ್ಟಡ ಉಳಿಯಿತು. ಜಾಗ ಸಾಲದ್ದಕ್ಕೆ ಹಿಂದೆ ಹೊಸ ಕಟ್ಟಡ ಸೇರಿಸಿದರು. ಅಷ್ಟೇ ಅಲ್ವಾ ಮಾಡಬೇಕಾಗಿದ್ದದ್ದು?

ಹಾಗಂತ ಯಾವ ಬಳಕೆಯಾದರೂ ಸರಿ ಅಂತ ನಾನು ಹೇಳುವುದಿಲ್ಲ. ಬ್ರಿಟಿಷರು ಬಿಜಾಪುರದಲ್ಲಿ ಒಂದು ಮಸೀದಿಯನ್ನು ಪೋಸ್ಟ್ ಆಫೀಸ್ ಮಾಡಿದ್ದರು, ಇನ್ನೊಂದನ್ನು ಪ್ರವಾಸಿ ಬಂಗಲೆ. ವೈಸರಾಯ್ ಕರ್ಜನ್ ಅವನ್ನು ತೆರವು ಮಾಡಿಸಬೇಕಾಯಿತು. ಅದೇ ಊರಿನಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡ, 1892ರಲ್ಲೇ ಮ್ಯೂಸಿಯಂ ಆಯಿತು, ಅದು ಒಪ್ಪುತ್ತದೆ. ನಮ್ಮ ಜಗನ್ಮೋಹನ ಅರಮನೆ ಚಿತ್ರಶಾಲೆಯಾಗಿದ್ದೂ ಒಪ್ಪುತ್ತದೆ. ಆದರೆ ಹಳೇದು ಕಂಡ ಕೂಡಲೇ "ಮ್ಯೂಸಿಯಂ ಮಾಡಿ" ಅನ್ನುವುದನ್ನು ದಯವಿಟ್ಟು ಬಿಡೋಣ. ದೇವರಾಜ ಮಾರುಕಟ್ಟೆಗೆ ಹೊಸ ಕೆಲಸ ಯಾಕೆ? ಅಲ್ಲಿ ಹೂವು, ವೀಳ್ಯದೆಲೆ, ಬಾಳೆಹಣ್ಣು ಮಾರಲಿ.

ಇಲ್ಲಿ ನೀವು ಒಂದು ಮಾತು ಕೇಳಬಹುದು. ಲ್ಯಾನ್ಸ್‌ಡೌನ್‌ನಲ್ಲಿ ಅಂಗಡಿಗಳಿದ್ದವು, ಹಳೇ ಪುಸ್ತಕದವರಿದ್ದರು, ಆದರೂ 2012ರಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರಲ್ಲ? ಹೌದು. ಆ ಸಾವುಗಳನ್ನು ಪಕ್ಕಕ್ಕಿಟ್ಟು ಮಾತಾಡುವ ಹಕ್ಕು ಯಾರಿಗೂ ಇಲ್ಲ. ಕೆಳಗೆ ಕೂತವರು ಬಾಡಿಗೆಯವರು, ತಾರಸಿ ಅವರದಲ್ಲ. ಸೋರುವುದು ಗೊತ್ತಾದರೆ ಸಾಲದು, ಗೊತ್ತಾದವರ ಕೈಯಲ್ಲಿ ರಿಪೇರಿಗೆ ದುಡ್ಡೂ ಅಧಿಕಾರವೂ ಇರಬೇಕು. ಬಾಡಿಗೆಯ ಒಂದು ಪಾಲು ಅದೇ ಕಟ್ಟಡದ ರಿಪೇರಿಗೆ ಅಂತ ಕರಾರಿನಲ್ಲೇ ಬರೆಯಬೇಕು.

ಸಮಯ ಆಯ್ತು ಅಂತ ಚೀಟಿ ಬಂತು. ಬೆಂಗಳೂರಿನ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಗಿದ್ದು, ಮಾಣಿಕ್ಯವೇಲು ಬಂಗಲೆ 2009ರಲ್ಲಿ ಆಧುನಿಕ ಕಲೆಯ ಗ್ಯಾಲರಿ ಆಗಿದ್ದು, ಎರಡನ್ನೂ ಚಿತ್ರದ ಜೊತೆ ತೋರಿಸಬೇಕೆಂದಿದ್ದೆ. ಇರಲಿ, ನೀವೇ ಹೋಗಿ ನೋಡಿ. ಸುಣ್ಣದ ಗಾರೆ ಕೆಲಸದವರು ಸಿಗುವುದಿಲ್ಲ ಅನ್ನುವ ಮಾತೂ ಇತ್ತು, ಅದನ್ನು ಪ್ರಶ್ನೋತ್ತರದಲ್ಲಿ ಕೇಳಿ, ಹೇಳುತ್ತೇನೆ.