ಹಿಂದಕ್ಕೆ ಬಾರದ ಕಾಗದ: ಆಕ್ರಿಂಗ್ಟನ್ ಸ್ಟ್ಯಾನ್ಲಿಯ ಕಥೆ

ಕೇಳುಗರಿಗೆ ನಮಸ್ಕಾರ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಅಂಚೆಗೆ ಹಾಕಿದ ಕಾಗದವೂ ಅಷ್ಟೇ ಎಂಬುದು 1962ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಆಕ್ರಿಂಗ್ಟನ್ ಎಂಬ ಸಣ್ಣ ಊರಿಗೆ ಮನವರಿಕೆಯಾಯಿತು. ಅಲ್ಲಿನ ಫುಟ್‌ಬಾಲ್ ಕ್ಲಬ್ ಸಾಲದ ಭಾರ ತಾಳಲಾರದೆ, ತಾನು ಆಡುತ್ತಿದ್ದ ಕ್ಲಬ್‌ಗಳ ಕೂಟವಾದ ಲೀಗ್‌ಗೆ ರಾಜೀನಾಮೆ ಪತ್ರ ಕಳುಹಿಸಿತು. ಕೆಲವೇ ದಿನಗಳಲ್ಲಿ, ಅದನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಇನ್ನೊಂದು ಪತ್ರ ಹೋಯಿತು. ಮೊದಲನೆಯದನ್ನು ಒಪ್ಪಿಯಾಗಿದೆ ಎಂಬ ಉತ್ತರ ಬಂತು. ಕೈಬಿಟ್ಟ ಆ ಜಾಗ ಮತ್ತೆ ದಕ್ಕಲು 44 ವರ್ಷ ಹಿಡಿಯಿತು.

ಆಕ್ರಿಂಗ್ಟನ್ ಇರುವುದು ಮ್ಯಾಂಚೆಸ್ಟರ್‌ನ ಉತ್ತರಕ್ಕೆ, ಲ್ಯಾಂಕಾಷೈರ್ ಪ್ರಾಂತದಲ್ಲಿ. ಹತ್ತಿ ಗಿರಣಿಗಳ ಊರು, ಇಟ್ಟಿಗೆಯ ಊರು. ಇಲ್ಲಿನ ಕೆಂಪು ಇಟ್ಟಿಗೆಯ ಮೇಲೆ 'ನೋರಿ' ಎಂಬ ಮುದ್ರೆ ಇರುತ್ತಿತ್ತು. ಕಬ್ಬಿಣದಷ್ಟು ಗಟ್ಟಿ ಎಂದು ಇಂಗ್ಲಿಷಿನಲ್ಲಿ 'ಐರನ್' ಎಂದು ಅಚ್ಚೊತ್ತಲು ಹೋಗಿ ಅಕ್ಷರಗಳು ಹಿಂದುಮುಂದಾಗಿ ಈ ಹೆಸರು ಬಂತೆಂದು ಊರವರು ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಇಟ್ಟಿಗೆಯಂತೂ ಗಟ್ಟಿಯೇ. ಬ್ಲ್ಯಾಕ್‌ಪೂಲ್ ಗೋಪುರದ ಅಡಿಪಾಯದಲ್ಲಿ ಅದೇ ಇದೆ.

1888ರಲ್ಲಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಹುಟ್ಟಿದಾಗ ಅದರಲ್ಲಿದ್ದ 12 ಕ್ಲಬ್‌ಗಳಲ್ಲಿ ಆಕ್ರಿಂಗ್ಟನ್ ಒಂದು. ಆದರೆ ಅದು ನಮ್ಮ ಕಥೆಯ ಕ್ಲಬ್ ಅಲ್ಲ. 1893ರಲ್ಲಿ ಎರಡನೆಯ ಡಿವಿಷನ್‌ಗೆ, ಅಂದರೆ ಲೀಗಿನ ಕೆಳಗಿನ ಹಂತಕ್ಕೆ, ಇಳಿಯಬೇಕಾಗಿ ಬಂದಾಗ, ಇಳಿದು ಆಡುವುದಕ್ಕಿಂತ ಬಿಡುವುದೇ ಮೇಲು ಎಂದು ಅದು ಲೀಗನ್ನೇ ತೊರೆಯಿತು. ಮೂರು ವರ್ಷಗಳಲ್ಲಿ ಹೆಸರಿಲ್ಲವಾಯಿತು. ಅಷ್ಟರಲ್ಲಿ ಸ್ಟ್ಯಾನ್ಲಿ ಬೀದಿಯ ಹುಡುಗರು 1891ರಲ್ಲಿ 'ಸ್ಟ್ಯಾನ್ಲಿ ವಿಲ್ಲಾ' ಎಂಬ ತಂಡ ಕಟ್ಟಿಕೊಂಡಿದ್ದರು. ದೊಡ್ಡ ಕ್ಲಬ್ ಲೀಗ್ ಬಿಟ್ಟ ಮೇಲೆ ಅವರು ಊರಿನ ಹೆಸರನ್ನೂ ಸೇರಿಸಿಕೊಂಡರು. ಹೀಗೆ ಒಂದು ಬೀದಿಯ ಹೆಸರು ಊರಿನ ಹೆಸರಿಗೆ ಅಂಟಿಕೊಂಡು ಆಕ್ರಿಂಗ್ಟನ್ ಸ್ಟ್ಯಾನ್ಲಿ ಆಯಿತು.

1921ರಲ್ಲಿ ಸ್ಟ್ಯಾನ್ಲಿ ಲೀಗ್ ಸೇರಿತು. ಮೂರನೆಯ ಡಿವಿಷನ್‌ನ ಉತ್ತರ ವಿಭಾಗ, ಪೀಲ್ ಪಾರ್ಕ್ ಮೈದಾನ. ಹೇಳಿಕೊಳ್ಳುವಂಥ ಸಾಧನೆ ಎಂದರೆ 1950ರ ದಶಕದ್ದು. ಆಗಿನ ಮ್ಯಾನೇಜರ್ ವಾಲ್ಟರ್ ಗಾಲ್‌ಬ್ರೇತ್ ಸ್ಕಾಟ್ಲೆಂಡಿನವರು. ತಮ್ಮ ನಾಡಿನ ಆಟಗಾರರನ್ನು ಎಷ್ಟು ಕರೆತಂದರೆಂದರೆ, ಮೈದಾನಕ್ಕಿಳಿದ ಹನ್ನೊಂದು ಮಂದಿಯೂ ಸ್ಕಾಟ್ಲೆಂಡಿನಲ್ಲೇ ಹುಟ್ಟಿದವರಾಗಿದ್ದುಂಟು.

ಆದರೆ ಗೆಲುವಿಗೆ ಖರ್ಚಿದೆ. ಒಂದು ಕಡೆ ಬ್ಲ್ಯಾಕ್‌ಬರ್ನ್, ಇನ್ನೊಂದು ಕಡೆ ಬರ್ನ್ಲಿ. ಎರಡೂ ಹೆಸರಾಂತ ಕ್ಲಬ್‌ಗಳು. 1960ರಲ್ಲಿ ಬರ್ನ್ಲಿ ಇಡೀ ಇಂಗ್ಲೆಂಡಿನ ಚಾಂಪಿಯನ್. ಪಕ್ಕದೂರಿನಲ್ಲೇ ಅಂಥ ಆಟ ಇರುವಾಗ ನಾಲ್ಕನೆಯ ಡಿವಿಷನ್‌ಗೆ ಇಳಿದಿದ್ದ ಸ್ಟ್ಯಾನ್ಲಿಯನ್ನು ನೋಡಲು ಯಾರು ಟಿಕೆಟ್ ಕೊಂಡಾರು? ಇದರ ಮೇಲೆ, 1958ರಲ್ಲಿ ದಕ್ಷಿಣದ ಆಲ್ಡರ್‌ಶಾಟ್‌ನಲ್ಲಿ ಸೇನಾ ಪ್ರದರ್ಶನಕ್ಕೆ ಕಟ್ಟಿದ್ದ ಹಳೆಯ ಗ್ಯಾಲರಿಯೊಂದು ಅಗ್ಗಕ್ಕೆ ಸಿಗುತ್ತದೆಂದು ಕ್ಲಬ್ ಕೊಂಡುಕೊಂಡಿತು. ಬೆಲೆ 1,450 ಪೌಂಡ್. ಅದನ್ನು ಬಿಚ್ಚಿ, ದೇಶದ ಉದ್ದಕ್ಕೂ ಸಾಗಿಸಿ, ಪೀಲ್ ಪಾರ್ಕಿನಲ್ಲಿ ನಿಲ್ಲಿಸುವಷ್ಟರಲ್ಲಿ ಬೆಲೆಯ ಹಲವು ಪಟ್ಟು ಕೈಬಿಟ್ಟಿತ್ತು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು.

1962ರ ಹೊತ್ತಿಗೆ ಸಾಲ ಸುಮಾರು 60,000 ಪೌಂಡ್. ಸಹಾಯಕ್ಕೆಂದು ಕರೆಸಿಕೊಂಡದ್ದು ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ, ಮಾಂಸದ ವ್ಯಾಪಾರಿ ಬಾಬ್ ಲಾರ್ಡ್ ಅವರನ್ನು. ಲೆಕ್ಕಪತ್ರ ನೋಡಿದ ಅವರು ಇದು ಉಳಿಯುವುದಿಲ್ಲ ಎಂದುಬಿಟ್ಟರು. ಮಾರ್ಚ್ 2ರಂದು ಕ್ರೂ ಊರಿನಲ್ಲಿ 4–0ಯಿಂದ ಸೋತದ್ದೇ ಕೊನೆಯ ಪಂದ್ಯ. ಅದಾದ ಮೇಲೆ ಹೋದದ್ದು ರಾಜೀನಾಮೆ ಪತ್ರ. ನೆರವು ಕೊಡುತ್ತೇವೆಂದು ಕೆಲವರು ಮುಂದೆ ಬಂದರು, ಅಧ್ಯಕ್ಷ ಸ್ಯಾಮ್ ಪಿಲ್ಕಿಂಗ್ಟನ್ ಎರಡನೆಯ ಪತ್ರ ಬರೆದರು. ಲೀಗಿನ ಕಾರ್ಯದರ್ಶಿ ಅಲನ್ ಹಾರ್ಡೇಕರ್ ಜಗ್ಗಲಿಲ್ಲ. ನಿಯಮ ಅವರ ಪರವಾಗಿತ್ತು, ನಿಜ. ಆದರೂ ನನಗೇಕೋ ಅದು ನಿಯಮಕ್ಕಿಂತ ಅವಸರದಂತೆಯೇ ಕಾಣುತ್ತದೆ. ಆ ಋತುವಿನಲ್ಲಿ ಆಡಿದ 33 ಪಂದ್ಯಗಳೂ ದಾಖಲೆಯಿಂದ ಅಳಿಸಿಹೋದವು. ಗಳಿಸಿದ ಗೋಲು, ತಿಂದ ಪೆಟ್ಟು, ಎಲ್ಲ ಇಲ್ಲವೆಂದೇ ಲೆಕ್ಕ. ತೆರವಾದ ಜಾಗಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಬಂತು.

ಸಣ್ಣ ಲೀಗಿನಲ್ಲಿ ಕುಂಟುತ್ತಾ ಸಾಗಿದ ಕ್ಲಬ್ 1966ರಲ್ಲಿ ಬಾಗಿಲು ಹಾಕಿತು. ಎರಡು ವರ್ಷದ ಬಳಿಕ ಊರಿನ ಕಾರ್ಮಿಕರ ಕ್ಲಬ್ಬೊಂದರಲ್ಲಿ ಸೇರಿದ ಸಭೆ, ಮತ್ತೆ ಕಟ್ಟೋಣ ಎಂದು ತೀರ್ಮಾನಿಸಿತು. 1970ರಲ್ಲಿ ಕ್ರೌನ್ ಗ್ರೌಂಡ್ ಎಂಬ ಹೊಸ ಮೈದಾನದಲ್ಲಿ ಆಟ ಆರಂಭವಾಯಿತು, ಅದೂ ಏಣಿಯ ತೀರ ಕೆಳಗಿನ ಮೆಟ್ಟಿಲಿನಿಂದ.

ಹೊರಗಿನವರಿಗೆ ಈ ಹೆಸರು ನೆನಪಿಸಿದ್ದು ಹಾಲು! 1980ರ ದಶಕದ ಕೊನೆಯಲ್ಲಿ ಟಿವಿಯಲ್ಲಿ ಹಾಲಿನ ಜಾಹೀರಾತೊಂದು ಬಂತು. ಇಬ್ಬರು ಹುಡುಗರು, ಒಬ್ಬ ಹಾಲು ಕುಡಿಯುತ್ತಾನೆ. ಕುಡಿಯದಿದ್ದರೆ ನೀನು ಆಕ್ರಿಂಗ್ಟನ್ ಸ್ಟ್ಯಾನ್ಲಿಗೆ ಆಡಲಷ್ಟೇ ಲಾಯಕ್ಕು ಎಂದು ಲಿವರ್‌ಪೂಲ್‌ನ ಆಟಗಾರ ಇಯಾನ್ ರಶ್ ತನಗೆ ಹೇಳಿದ್ದಾರೆ ಎನ್ನುತ್ತಾನೆ. ಅದು ಯಾವ ತಂಡ ಎಂದು ಇನ್ನೊಬ್ಬ ಕೇಳುತ್ತಾನೆ. ಆ ಪ್ರಶ್ನೆಯೇ ಉತ್ತರ. ಇಡೀ ದೇಶ ನಕ್ಕಿತು. ಅವಮಾನವೇ ಸರಿ, ಆದರೆ ಅಂಥ ಪ್ರಚಾರವನ್ನು ದುಡ್ಡು ಕೊಟ್ಟು ಕೊಳ್ಳುವ ಶಕ್ತಿ ಕ್ಲಬ್‌ಗೆ ಎಲ್ಲಿತ್ತು?

ದುಡ್ಡು ಬಂದದ್ದು ಬೇರೆ ದಾರಿಯಿಂದ. 1997ರಲ್ಲಿ ಬ್ರೆಟ್ ಆರ್ಮರಾಡ್ ಎಂಬ ಆಟಗಾರನನ್ನು 50,000 ಪೌಂಡ್‌ಗೆ ಬ್ಲ್ಯಾಕ್‌ಪೂಲ್‌ಗೆ ಕೊಟ್ಟಾಗ, ಮುಂದೆ ಮಾರಿದರೆ ನಮಗೂ ಒಂದು ಪಾಲು ಎಂದು ಸ್ಟ್ಯಾನ್ಲಿ ಕರಾರಿನಲ್ಲಿ ಬರೆಸಿಕೊಂಡಿತ್ತು. 2001ರಲ್ಲಿ ಸೌತಾಂಪ್ಟನ್ ಆತನಿಗೆ 17.5 ಲಕ್ಷ ಪೌಂಡ್ ಕೊಟ್ಟಿತು. ಈ ಬಾರಿ ಕಾಗದ ಕೈಹಿಡಿಯಿತು. ಹಣ ಬಂತು, 1999ರಿಂದ ಜಾನ್ ಕೋಲ್‌ಮನ್ ಎಂಬ ಮ್ಯಾನೇಜರ್ ಇದ್ದರು, ತಂಡ ಒಂದೊಂದೇ ಮೆಟ್ಟಿಲು ಹತ್ತಿತು.

2006ರಲ್ಲಿ ಸ್ಟ್ಯಾನ್ಲಿ ಮತ್ತೆ ಲೀಗ್ ಸೇರಿತು. ಅದೇ ಋತುವಿನಲ್ಲಿ ಲೀಗಿನಿಂದ ಕೆಳಗೆ ಬಿದ್ದ ಎರಡು ಕ್ಲಬ್‌ಗಳಲ್ಲಿ ಒಂದು ಆಕ್ಸ್‌ಫರ್ಡ್ ಯುನೈಟೆಡ್. ಹೌದು, 1962ರಲ್ಲಿ ಸ್ಟ್ಯಾನ್ಲಿಯ ಜಾಗದಲ್ಲಿ ಕುಳಿತ ಅದೇ ಕ್ಲಬ್. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ, ಇದು ಅತಿಯಾಯಿತು ಎನ್ನುತ್ತಿದ್ದೆವು.

ತೊಂದರೆಗಳು ಮುಗಿಯಲಿಲ್ಲ. 2009ರಲ್ಲಿ 3,08,000 ಪೌಂಡ್ ತೆರಿಗೆ ಬಾಕಿಗಾಗಿ ಕ್ಲಬ್ ಮತ್ತೆ ಮುಚ್ಚುವ ಅಂಚಿಗೆ ಬಂದು ಪಾರಾಯಿತು. ಆಮೇಲೆ 2018ರಲ್ಲಿ, ಸುಮಾರು 5,000 ಜನ ಹಿಡಿಸುವ ಮೈದಾನದ ಈ ತಂಡ ತನ್ನ ಡಿವಿಷನ್ ಗೆದ್ದು ಮೇಲಿನ ಮಟ್ಟಕ್ಕೆ ಏರಿತು, ಐದು ಋತು ಅಲ್ಲೇ ನಿಂತಿತು. ಅಷ್ಟರಲ್ಲಿ ಚೇತರಿಸಿಕೊಂಡು ಅಲ್ಲಿಗೆ ಬಂದಿದ್ದ ಆಕ್ಸ್‌ಫರ್ಡ್ ಯುನೈಟೆಡ್ ಜೊತೆ, ವರ್ಷ ವರ್ಷವೂ ಸೆಣಸುತ್ತಾ.

ನಮಸ್ಕಾರ.