ಜರ್ಮನಿಯಲ್ಲಿ ನಾವು ಎಡವೋದು ಮೆಟ್ಟಿಲ ಮೇಲೆ

ನಮಸ್ಕಾರ. ಜರ್ಮನಿಗೆ ಹೊರಟವರೆಲ್ಲ ಕೇಳೋದು ಒಂದೇ: ಫೋರ್ಕು, ಚಾಕು ಹಿಡಿಯೋದು ಹೇಗೆ? ಅದನ್ನು ಬಿಡಿ. ಊಟದ ಮೇಜಿನಲ್ಲಿ ತಪ್ಪಿದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ನನ್ನ ಪ್ರಕಾರ ನಮ್ಮವರು ಎಡವುವುದು ಮನೆ ಬಾಗಿಲಿನಿಂದ ಒಂದು ಹೆಜ್ಜೆ ಆಚೆ.

ಸ್ಟುಟ್‌ಗಾರ್ಟನ್ನೇ ತಗೊಳ್ಳಿ. ಬಾಷ್, ಮರ್ಸಿಡಿಸ್ ಅಂತ ಬೆಂಗಳೂರಿನಿಂದ ಬರುವವರ ಊರು. ಬಾಡಿಗೆ ಮನೆ ಸಿಕ್ಕಿ, ಸಾಮಾನು ಜೋಡಿಸಿ ಉಸಿರು ಬಿಡುವಷ್ಟರಲ್ಲಿ ಬಾಗಿಲಿಗೆ ಒಂದು ಪುಟ್ಟ ಫಲಕ ನೇತಾಡುತ್ತಿರುತ್ತದೆ: ಕೇರ್‌ವೋಖೆ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ಮುಗಿದ ಮೇಲೆ ಫಲಕವನ್ನು ಪಕ್ಕದ ಮನೆ ಬಾಗಿಲಿಗೆ ದಾಟಿಸಬೇಕು. ದೊಡ್ಡ ಸರದಿ ಅಂತಲೂ ಒಂದಿದೆ. ಅದರಲ್ಲಿ ಮನೆ ಮುಂದಿನ ಫುಟ್‌ಪಾತ್, ಚಳಿಗಾಲವಾದರೆ ಹಿಮವೂ ಸೇರಿತು. ನಗರದ ನಿಯಮದಿಂದ ಈ ವಾರದ ಸರದಿ ಪದ್ಧತಿಯನ್ನು 1988ರಲ್ಲೇ ತೆಗೆದರು. ಬಾಡಿಗೆ ಕರಾರುಗಳಲ್ಲಿ ಮಾತ್ರ ಗಟ್ಟಿಯಾಗಿ ಕೂತಿದೆ.

"ಮೆಟ್ಟಿಲು ಕ್ಲೀನಾಗೇ ಇದೆಯಲ್ಲ, ಇನ್ನೇನು ಒರೆಸೋದು?" ಅನ್ನುತ್ತೇವೆ ನಾವು. ಊರಲ್ಲಿ ಆ ಕೆಲಸಕ್ಕೆ ಬೇರೆ ಯಾರೋ ಬರುತ್ತಿದ್ದರು. ಕಷ್ಟ ಇರೋದು ಅಲ್ಲೇ, ಸುಮ್ನೆ ಜರ್ಮನ್ನರ ಮೇಲೆ ಹಾಕಬೇಡಿ. ಕೆಳಗಿನ ಮನೆ ಅಜ್ಜಿಗೆ ಧೂಳಿನ ಲೆಕ್ಕ ಬೇಕಿಲ್ಲ. ನೀವು ಬಕೆಟ್ ಹಿಡಿದು ಹೊರಗೆ ಬಂದಿರಾ, ಅಷ್ಟೇ ನೋಡುತ್ತಾರೆ.

ಇನ್ನು ಚಪ್ಪಲಿ. ಮನೇಲಿ ಸತ್ಯನಾರಾಯಣ ಪೂಜೆ, ಇಪ್ಪತ್ತು ಜನ ಬಂದಿದ್ದಾರೆ ಅಂತಿಟ್ಟುಕೊಳ್ಳಿ. ಮೆಟ್ಟಿಲ ತನಕ ಚಪ್ಪಲಿ, ಬೂಟು. ಬೆಂಕಿ ಬಿದ್ದರೆ ಇಡೀ ಕಟ್ಟಡ ಓಡಬೇಕಾದ ದಾರಿ ಅದು. ಬಾಗಿಲ ಒಳಗೇ ಒಂದು ಹಳೇ ಬೆಡ್‌ಶೀಟ್ ಹಾಸಿ, ಅಲ್ಲೇ ಬಿಡಿಸಿ.

ಭಾನುವಾರ ಸದ್ದಿಲ್ಲದ ದಿನ. ಗೋಡೆಗೆ ಡ್ರಿಲ್ ಹಾಕೋದು, ಬೀದಿಯ ಗಾಜಿನ ತೊಟ್ಟಿಗೆ ಖಾಲಿ ಬಾಟಲಿ ಎಸೆಯೋದು, ಎರಡೂ ಬೇಡ. ಮಿಕ್ಸಿ? ಭಾನುವಾರದ ದೋಸೆಗೆ ಹೇಗೂ ಶನಿವಾರವೇ ರುಬ್ಬಬೇಕು, ಅಲ್ವಾ?

ಇಷ್ಟಾದರೂ ಯಾರಾದರೂ ಬೈಯುತ್ತಾರೆ. ಖಾಲಿ ರಸ್ತೆಯಲ್ಲಿ ಕೆಂಪು ದೀಪ ಇದ್ದಾಗ ದಾಟಿ ನೋಡಿ. ಪೊಲೀಸರು ಹಿಡಿದರೆ ದಂಡ ಬರೀ 5 ಯೂರೋ. ಆದರೆ ಪಕ್ಕದಲ್ಲಿ ಮಗು ನಿಂತಿದ್ದರೆ ಅದರ ಅಮ್ಮನ ಕೈಲಿ ಬೈಸಿಕೊಳ್ಳುತ್ತೀರಿ. ತಕ್ಷಣ ನಾವು ಜನಾಂಗಭೇದ ಅನ್ನುತ್ತೇವೆ. ಕೆಲವು ಸಲ ಹೌದು, ಅಂಥವರನ್ನು ಸಹಿಸಬೇಕಿಲ್ಲ. ಆದರೆ ಆ ತಾಯಿ ಜರ್ಮನ್ನರನ್ನೂ ಹಾಗೇ ಬೈಯುತ್ತಾಳೆ.

ನಮ್ಮಲ್ಲಿ ಗಲಾಟೆ ಆದ ಮೇಲೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ನಡೆಯುತ್ತದೆ. ಇಲ್ಲಿ ಮೊದಲೇ ಹೇಳಬೇಕು. ಮನೇಲಿ ಹುಟ್ಟುಹಬ್ಬ ಇದ್ದರೆ ಎರಡು ದಿನ ಮುಂಚೆ ಕಟ್ಟಡದ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿ: "ಶನಿವಾರ ಸಂಜೆ ಸ್ವಲ್ಪ ಗಲಾಟೆ ಇರುತ್ತದೆ, ತೊಂದರೆಯಾದರೆ ಫೋನ್ ಮಾಡಿ." ಕೆಳಗೆ ನಿಮ್ಮ ನಂಬರ್. ಸಿಡುಕುವವರೂ ಸುಮ್ಮನಾಗುತ್ತಾರೆ. ರಾತ್ರಿ 10ರ ತನಕ ಮಾತ್ರ. ಆಮೇಲೆ ಹಾಡು ಹಾಕಿದರೆ ಚೀಟಿಗೂ ಬೆಲೆ ಇಲ್ಲ, ಪೊಲೀಸರು ಬಂದು ಬೆಲ್ ಒತ್ತಬಹುದು.