ಕಾರಿನೊಳಗಿನ ಗುಪ್ತ ಸೆಟ್ಟಿಂಗುಗಳು: ತಂತ್ರಾಂಶದ ಆಯ್ಕೆ ಮತ್ತು ಬಳಕೆ

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಮ್ಮ ಕಾಸರಗೋಡಿನ ಊರುಗಳಲ್ಲಿ ಸೆಕೆಂಡ್ ಹ್ಯಾಂಡ್ ಪೋಲೋ, ರ‍್ಯಾಪಿಡ್, ಇಕೋಸ್ಪೋರ್ಟ್ ಕಾರುಗಳಿಗೇನೂ ಕೊರತೆಯಿಲ್ಲ. ಇಂಥ ಕಾರುಗಳ ಕಂಪ್ಯೂಟರಿನಲ್ಲಿ ಕಂಪನಿಯೇ ಬರೆದಿಟ್ಟು, ನಮಗೆ ಮಾರಿದ ಮಾದರಿಯಲ್ಲಿ ಚಾಲೂ ಮಾಡದೆ ಬಿಟ್ಟ ಸೌಕರ್ಯಗಳು ಇರುವುದುಂಟು. ರಿಮೋಟಿನ ಗುಂಡಿ ಒತ್ತಿ ಹಿಡಿದರೆ ಗಾಜುಗಳು ಏರುವುದು, ನಿಧಾನವಾಗಿ ತಿರುಗುವಾಗ ಆ ಬದಿಯ ಫಾಗ್ ಲ್ಯಾಂಪ್ ಉರಿಯುವುದು, ಕಾರು ಓಡತೊಡಗಿದೊಡನೆ ಬಾಗಿಲುಗಳಿಗೆ ಲಾಕ್ ಬೀಳುವುದು ಇಂಥವು. ಆಟಿಯ ಮಳೆ ಹೊಯ್ಯುವಾಗ ಅಂಗಳದಲ್ಲಿ ನಿಂತ ಕಾರಿನ ಗಾಜನ್ನು ಜಗಲಿಯಿಂದಲೇ ಮುಚ್ಚಬಹುದೆಂದರೆ ಅದು ಸಣ್ಣ ಸೌಕರ್ಯವಲ್ಲ. ಲ್ಯಾಪ್‌ಟಾಪ್ ಅಥವಾ ಮೊಬೈಲಿನ ತಂತ್ರಾಂಶದಿಂದ ಕಾರಿನ ಕಂಪ್ಯೂಟರಿನ ಸೆಟ್ಟಿಂಗು ಬದಲಿಸಿ ಇವನ್ನು ಚಾಲೂ ಮಾಡುವುದಕ್ಕೆ ಕೋಡಿಂಗ್ ಎನ್ನುತ್ತಾರೆ. ಆದರೆ ಫಾಗ್ ಲ್ಯಾಂಪೇ ಇಲ್ಲದ ಕಾರಿಗೆ ಎಷ್ಟು ಕೋಡಿಂಗ್ ಮಾಡಿದರೂ ಬೆಳಕು ಬಾರದು.

ತಂತ್ರಾಂಶವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಕಾರಿನ ಕಂಪನಿಯನ್ನು, ಬೆಲೆಯನ್ನಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾ, ಆಡಿ ಕಾರುಗಳಿಗೆ ರಾಸ್-ಟೆಕ್ ಸಂಸ್ಥೆಯ ವಿಸಿಡಿಎಸ್ ಇದೆ. ಅದಕ್ಕೆ ವಿಂಡೋಸ್ ಲ್ಯಾಪ್‌ಟಾಪ್ ಮತ್ತು ಆ ಸಂಸ್ಥೆಯದೇ ಕೇಬಲ್ ಬೇಕು. ಅದೇ ಕಾರುಗಳಿಗೆ ಮೊಬೈಲಿನಲ್ಲಿ ನಡೆಯುವ ಒಬಿಡಿಇಲೆವೆನ್ ಇದೆ. ಫೋರ್ಡ್‌ಗೆ ಫೋರ್‌ಸ್ಕ್ಯಾನ್, ಬಿಎಂಡಬ್ಲ್ಯೂಗೆ ಬಿಮ್ಮರ್‌ಕೋಡ್. ಮೊಬೈಲ್ ಆಪ್‌ನಲ್ಲಿ ಸಿದ್ಧವಾಗಿ ಸಿಗುವ ಗುಂಡಿಗಳನ್ನು ಒತ್ತುವುದು ಸುಲಭವಾದರೂ, ಸೆಟ್ಟಿಂಗಿನ ಹಳೆಯ ಮೌಲ್ಯವನ್ನು ಕಣ್ಣಮುಂದೆ ತೋರಿಸಿ, ಉಳಿಸಿಕೊಳ್ಳಲು ಬಿಡುವ ತಂತ್ರಾಂಶಕ್ಕೇ ನನ್ನ ಮತ.

ಅಗ್ಗದ ಇಎಲ್‌ಎಂ327 ಡಾಂಗಲ್‌ಗಳ, ಅಂದರೆ ಕಾರಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿಗೋ ಲ್ಯಾಪ್‌ಟಾಪಿಗೋ ಸಂಪರ್ಕ ಕೊಡುವ ಪುಟ್ಟ ಸಾಧನಗಳ, ಬಗ್ಗೆ ಒಂದು ಮಾತು. ಇವುಗಳಲ್ಲಿ ಹಲವುದರ ಮೇಲೆ 'ಆವೃತ್ತಿ 1.5' ಎಂದು ಅಚ್ಚಾಗಿರುತ್ತದೆ. ಮೂಲ ಚಿಪ್ ತಯಾರಿಸಿದ ಎಲ್ಮ್ ಎಲೆಕ್ಟ್ರಾನಿಕ್ಸ್ ಅಂಥ ಆವೃತ್ತಿಯನ್ನು ಹೊರತಂದದ್ದೇ ಇಲ್ಲ. ಎಂಜಿನ್ನಿನ ದೋಷಸಂಕೇತ ಓದುವುದಕ್ಕೆ ಈ ನಕಲು ಸಾಕಾಗಬಹುದು, ಆದರೆ ಬರೆಯುವ ಕೆಲಸದ ನಡುವೆ ಸಂಪರ್ಕ ಕಡಿದರೆ ಮಾಡ್ಯೂಲ್ (ಕಾರಿನ ಒಂದೊಂದು ಭಾಗವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಅರ್ಧ ಬರೆದ ಸ್ಥಿತಿಯಲ್ಲಿ ಉಳಿಯುವ ಅಪಾಯವಿದೆ.

ಇನ್ನು ಬಳಕೆ. ಸ್ಟಿಯರಿಂಗಿನ ಕೆಳಗೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿರುವ 16 ಪಿನ್ನಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಸಾಧ್ಯವಾದರೆ ಬ್ಯಾಟರಿಗೆ ಚಾರ್ಜರ್ ಜೋಡಿಸಿಕೊಂಡು, ಎಲ್ಲಾ ಮಾಡ್ಯೂಲ್‌ಗಳ ಪೂರ್ಣ ಸ್ಕ್ಯಾನ್ ತೆಗೆದು ಕಡತವಾಗಿ ಉಳಿಸಿದ ಮೇಲಷ್ಟೇ ಮುಂದಿನ ಹೆಜ್ಜೆ. ಪೋಲೋದಂಥ ಕಾರಿನಲ್ಲಿ ದೀಪ, ವೈಪರ್ ಮುಂತಾದವುಗಳ ಮಾಡ್ಯೂಲ್ 09 ಎಂಬ ವಿಳಾಸದಲ್ಲಿರುತ್ತದೆ. ಅದರ ಸೆಟ್ಟಿಂಗುಗಳನ್ನು ಬರೆದಿಟ್ಟ ಲಾಂಗ್ ಕೋಡಿಂಗ್ ತೆರೆದರೆ ಎರಡೆರಡು ಅಂಕೆಗಳ ಬೈಟ್‌ಗಳ ಸಾಲು ಕಾಣುತ್ತದೆ. ಪ್ರತಿ ಬೈಟಿನಲ್ಲಿ 0ಯಿಂದ 7ರವರೆಗೆ ಎಂಟು ಬಿಟ್‌ಗಳು, ಒಂದೊಂದೂ ಒಂದು ಸ್ವಿಚ್ಚಿನಂತೆ. ಅವುಗಳ ಬೆಲೆ 1, 2, 4, 8 ಹೀಗೆ ಇಮ್ಮಡಿಯಾಗುತ್ತ ಹೋಗುತ್ತದೆ. ಎಡವುವುದು ಇಲ್ಲಿಯೇ. ಒಂದು ಬೈಟಿನ ಮೌಲ್ಯ 09 ಇದ್ದು, ನೀವು ಬಿಟ್ 1ನ್ನು, ಅಂದರೆ 2ರ ಬೆಲೆಯದನ್ನು, ಚಾಲೂ ಮಾಡಬೇಕೆಂದಿಟ್ಟುಕೊಳ್ಳಿ. ಅಂಗಡಿಯ ಲೆಕ್ಕದಂತೆ ಕೂಡಿಸಿ 11 ಎಂದು ಬರೆದರೆ ಬೇಕಾದ ಬಿಟ್ ಚಾಲೂ ಆಗದು, ಮೊದಲೇ ಚಾಲೂ ಇದ್ದ ಬಿಟ್ 3 ಆರಿಹೋಗುತ್ತದೆ, ಬೇಡದ ಬಿಟ್ 4 ಎದ್ದು ಕೂರುತ್ತದೆ. ಇದು ಹದಿನಾರರ ಲೆಕ್ಕ. ಇಲ್ಲಿ 9ರ ನಂತರ ಎ, ಬಿ ಎಂದು ಎಫ್‌ವರೆಗೆ ಹೋಗಿ ಆಮೇಲೆ 10 ಬರುತ್ತದೆ, ಹಾಗಾಗಿ ಹನ್ನೊಂದನ್ನು 0ಬಿ ಎಂದು ಬರೆಯಬೇಕು, 11 ಎಂದರೆ ಹದಿನೇಳಾಗುತ್ತದೆ. ಸರಿಯಾದ ಉತ್ತರ 0ಬಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಮತ್ತೆ ಸ್ಕ್ಯಾನ್ ತೆಗೆಯಿರಿ. ಮಾಡ್ಯೂಲ್ ಹೊಸ ಮೌಲ್ಯವನ್ನು ತಿರಸ್ಕರಿಸಿ ದೋಷ 31 ತೋರಿಸಿದರೆ, ಅದು ಒಪ್ಪುವ ಮಿತಿಯ ಹೊರಗಿನದನ್ನು ನೀವು ಕೇಳಿದ್ದೀರಿ ಎಂದರ್ಥ, ಹಟ ಹಿಡಿಯಬೇಡಿ.

ಸೀಟ್ ಬೆಲ್ಟಿನ ಕಿರಿಕಿರಿ ತೆಗೆಸುವುದಕ್ಕೆಂದೇ ಈ ತಂತ್ರಾಂಶಗಳನ್ನು ಹುಡುಕುವವರಿದ್ದಾರೆ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಆ ಎಚ್ಚರಿಕೆಯೂ, ಗಂಟೆಗೆ 80 ಕಿಲೋಮೀಟರ್ ದಾಟಿದರೆ ಮೊಳಗುವ ವೇಗದ ಎಚ್ಚರಿಕೆಯೂ ಕಡ್ಡಾಯ. ತಲಪಾಡಿಯ ಈಚೆಗೆ ಅಗಲವಾದ ಹೆದ್ದಾರಿಯಲ್ಲಿ ಅದು ಬೇಸರ ತರಿಸಬಹುದು. ಆದರೂ ಈ ಎರಡನ್ನೂ ಮುಟ್ಟಬಾರದು.

ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತಿಡಿ, ಏಕೆಂದರೆ ಆ ಸಾಕೆಟ್ಟಿಗೆ ಬ್ಯಾಟರಿಯಿಂದ ಸದಾ ವಿದ್ಯುತ್ ಬರುತ್ತಿರುತ್ತದೆ. ಬದಲಿಸಿದ ಬೈಟಿನ ಹಳೆಯ ಮತ್ತು ಹೊಸ ಮೌಲ್ಯಗಳನ್ನು ಚೀಟಿಯಲ್ಲಿ ಬರೆದು ಆರ್‌ಸಿಯ ಜೊತೆಗಿಡಿ. ಸರ್ವಿಸ್ ಕೇಂದ್ರದಲ್ಲಿ ತಂತ್ರಾಂಶ ನವೀಕರಿಸಿದಾಗ ನಿಮ್ಮ ಕೋಡಿಂಗ್ ಅಳಿಸಿಹೋಗಬಹುದು, ಆಗ ಆ ಚೀಟಿ ಬೇಕಾಗುತ್ತದೆ.